ಹಾಡುವ ಬಾಯಿ ಯಾರದು?

ಕಳೆದ ಮಳೆಗಾಲದ ಆರಂಭದಲ್ಲಿ ಅಕ್ಕನ ಮಗ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಬಂದು, ತಾನೇ ಬರೆದು ರಾಗ ಹಾಕಿದ ಕನ್ನಡ ಹಾಡೊಂದನ್ನು ಕೇಳಿಸಿದ. ಗೆಳೆಯನ ಮನೆಯ ಕೋಣೆಯಲ್ಲಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು ಧ್ವನಿಮುದ್ರಿಸಿಕೊಂಡ ಹಾಡು ಅದು; ಒಂದು ಗಿಟಾರು, ಕೂತು ಬಾರಿಸುವ ಒಂದು ಮರದ ಪೆಟ್ಟಿಗೆ, ಅವನ ಧ್ವನಿ, ಇಷ್ಟನ್ನು ಬಿಟ್ಟರೆ ಬೇರೇನೂ ಇಲ್ಲ. ನಾಲ್ಕು ನಿಮಿಷದ ಆ ಹಾಡು ಅವನ ಅಜ್ಜನನ್ನು, ಎಂದರೆ ನನ್ನ ಅಪ್ಪಯ್ಯನನ್ನು ಕುರಿತದ್ದು. ಕುಂದಾಪುರದ ಕಡೆಯಿಂದ 14ನೆಯ ವಯಸ್ಸಿಗೆ ಮುಂಬೈಗೆ ಬಂದು, ಮಾಟುಂಗದ ಹೋಟೆಲೊಂದರಲ್ಲಿ ಲೋಟ ತೊಳೆಯುವುದರಿಂದ ಆರಂಭಿಸಿ, ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಅದೇ ಹೋಟೆಲಿನ ಗಲ್ಲಾದಲ್ಲಿ ಕೂರುವವರೆಗೆ ಬಂದವರು ಅಪ್ಪಯ್ಯ. ಹಾಡಿನ ಪಲ್ಲವಿ ಒಂದೇ ಸಾಲಿನದು: ‘ಊರಿಗೆ ಹೋಗೋಣ ಅಂದೆ, ರೈಲು ಬರಲೇ ಇಲ್ಲ.’

‘ಮಾವ, ಇದಕ್ಕೊಂದು ವಿಡಿಯೋ ಮಾಡಿಕೊಡ್ತೀರಾ?’ ಎಂದು ಅವನು ಕೇಳಿದಾಗ ನಾನು ಹೆಚ್ಚು ಯೋಚಿಸಲಿಲ್ಲ. ಅಂಧೇರಿಯಲ್ಲಿ 22 ವರ್ಷಗಳಿಂದ ಸಂಕಲನದ ಕೆಲಸ ಮಾಡುತ್ತಿರುವವನು ನಾನು. ಜಾಹೀರಾತು, ಧಾರಾವಾಹಿಗಳ ನಡುವೆ ಲೆಕ್ಕವಿಡದಷ್ಟು ಮ್ಯೂಸಿಕ್ ವಿಡಿಯೋಗಳೂ ನನ್ನ ಕೈ ದಾಟಿ ಹೋಗಿವೆ. ಎರಡು ಭಾನುವಾರಗಳಲ್ಲಿ ಮುಗಿಯುತ್ತದೆಂದುಕೊಂಡ ಕೆಲಸ ಆರು ವಾರ ಹಿಡಿಯಿತು. ಮೊದಲ ಕಟ್ಟನ್ನು, ಎಂದರೆ ಕತ್ತರಿಸಿ ಜೋಡಿಸಿದ ಮೊದಲ ರೂಪವನ್ನು, ಅಕ್ಕನಿಗೆ ತೋರಿಸಿದಾಗ ಅವಳು ಪೂರ್ತಿ ನೋಡಿ, ‘ಲಾಯ್ಕ್ ಆಯಿತ್. ಆದ್ರೆ ಹಾಡ್ ಏನು ಅಂತ ಗೊತ್ತಾಯ್ಲಿಲ್ಲ’ ಎಂದಳು. ಅವಳು ಆ ಹಾಡನ್ನು ಅದಕ್ಕೂ ಮೊದಲು ಕನಿಷ್ಠ ಇಪ್ಪತ್ತು ಸಲ ಕೇಳಿದ್ದಳು. ಕೇಳಿ ಗೊತ್ತಿದ್ದ ಹಾಡು ನೋಡಿದ ಮೇಲೆ ಗೊತ್ತಾಗದೆ ಹೋಗಿತ್ತು ಎಂಬ ಈ ಮಾತು ನನ್ನನ್ನು ಬಹಳ ಕಾಡಿತು. ಈ ಬರಹವೂ ಅದರಿಂದಲೇ ಹುಟ್ಟಿದ್ದು.

ವಿಚಿತ್ರವೆಂದರೆ, ಮ್ಯೂಸಿಕ್ ವಿಡಿಯೋದ ಕಟ್ಟುಪಾಡುಗಳೆಂದು ನಾವು ಕೆಲಸದವರು ಯಾವುದನ್ನು ನಂಬುತ್ತೇವೆಯೋ ಅದೆಲ್ಲವೂ ಆ ಮೊದಲ ಕಟ್ಟಿನಲ್ಲಿ ಚಾಚೂ ತಪ್ಪದೆ ಇತ್ತು. ಹಾಡುಗಾರನ ಮುಖ ಹತ್ತಿರದಿಂದ ಮತ್ತೆಮತ್ತೆ ಬರುತ್ತಿತ್ತು. ಚರಣದಲ್ಲಿ ಕತೆ, ಪಲ್ಲವಿಯಲ್ಲಿ ಹಾಡುಗಾರ ಎಂಬ ಹಂಚಿಕೆ ಇತ್ತು. ಪಲ್ಲವಿ ಮರಳಿದಾಗಲೆಲ್ಲ ಜಾಗ ಬದಲಾಗುತ್ತಿತ್ತು. ಒಂದು ಶಾಟಿನಿಂದ ಇನ್ನೊಂದಕ್ಕೆ ಹಾರುವ ಪ್ರತಿಯೊಂದು ಕಟ್ಟೂ ತಾಳದ ಬಡಿತಕ್ಕೆ ಸರಿಯಾಗಿ ಬೀಳುತ್ತಿತ್ತು. ಬ್ರಿಟನ್ನಿನ ಆಂಡ್ರ್ಯೂ ಗುಡ್ವಿನ್ 1992ರಲ್ಲಿ ಮ್ಯೂಸಿಕ್ ವಿಡಿಯೋಗಳ ಬಗ್ಗೆ ಬರೆದ ಪುಸ್ತಕದಿಂದ ಆರಿಸಿಕೊಂಡು, ಮಾಧ್ಯಮ ಅಧ್ಯಯನದ ಮಕ್ಕಳಿಗೆ ಕೆಲವು ಲಕ್ಷಣಗಳನ್ನು ಕಲಿಸುತ್ತಾರೆ: ಸಂಗೀತದ ಪ್ರಕಾರಕ್ಕೆ ತಕ್ಕ ಚಹರೆ, ಸಾಹಿತ್ಯಕ್ಕೂ ಚಿತ್ರಕ್ಕೂ ಇರುವ ನಂಟು, ಸಂಗೀತಕ್ಕೂ ಚಿತ್ರಕ್ಕೂ ಇರುವ ನಂಟು, ಕಲಾವಿದನ ಮುಖ ಎದ್ದು ಕಾಣಬೇಕೆಂಬ ರೆಕಾರ್ಡ್ ಕಂಪನಿಯ ಒತ್ತಾಯ, ನೋಡುವ ಮತ್ತು ನೋಡಿಸಿಕೊಳ್ಳುವ ಆಟ, ಬೇರೆ ಚಿತ್ರಗಳ ನೆನಪನ್ನು ಎಬ್ಬಿಸುವುದು. ಪರೀಕ್ಷೆಗೆ ಕೂತಿದ್ದರೆ ನನ್ನ ವಿಡಿಯೋಗೆ ಪೂರ್ಣಾಂಕ ಸಿಗುತ್ತಿತ್ತು. ಆದರೆ ಪರೀಕ್ಷಕಿ ನನ್ನ ಅಕ್ಕನಾಗಿದ್ದಳು.

ಎಲ್ಲಿ ತಪ್ಪಿದೆ ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಒಂದು ಸರಳ ಪ್ರಶ್ನೆ: ಪರದೆಯ ಮೇಲೆ ಹಾಡುತ್ತಿರುವ ಬಾಯಿ ಯಾರದು? ನನ್ನ ಮೊದಲ ಕಟ್ಟಿನಲ್ಲಿ ಹುಡುಗನೂ ಹಾಡುತ್ತಿದ್ದ, ಅಜ್ಜನ ಪಾತ್ರ ವಹಿಸಿದ್ದ ಹಿರಿಯರೂ ಹಾಡುತ್ತಿದ್ದರು. ಹಾಡಿನಲ್ಲಿ ‘ನಾನು’ ಎಂದಿರುವುದರಿಂದ ಅಜ್ಜನೂ ತುಟಿ ಆಡಿಸಿದರೆ ಚೆನ್ನ ಎಂದು ನನಗೇ ಅನ್ನಿಸಿತ್ತು. ಎಪ್ಪತ್ತರ ಆಸುಪಾಸಿನ ಮುಖದಿಂದ ಇಪ್ಪತ್ತಮೂರರ ಧ್ವನಿ ಹೊರಡುವಾಗ ನೋಡುವವನಿಗೆ ಏನಾಗುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಇದು ನನಗೆ ಹೊಳೆಯದೆ ಹೋದದ್ದಕ್ಕೆ ಕಾರಣ ನಾವು ಸಿನಿಮಾ ನೋಡಿ ಬೆಳೆದವರಾಗಿರುವುದು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬಂದ ಕಾಲಕ್ಕೆ ನಟರೇ ಹಾಡಬೇಕಾಗಿತ್ತು. ಮರುವರ್ಷ, 1935ರಲ್ಲಿ, ಕಲ್ಕತ್ತದ ನ್ಯೂ ಥಿಯೇಟರ್ಸ್ ಸಂಸ್ಥೆ ಹಾಡನ್ನು ಮೊದಲೇ ಮುದ್ರಿಸಿಕೊಂಡು ನಟರಿಂದ ತುಟಿ ಆಡಿಸುವ ಪದ್ಧತಿಯನ್ನು ತಂದಿತು. ಅಲ್ಲಿಂದ ಮುಂದೆ ಹಾಡುವವರು ಮರೆಗೆ ಸರಿದರು, ಬಾಯಿ ಮಾತ್ರ ಪರದೆಯ ಮೇಲೆ ಉಳಿಯಿತು. ಪಿ.ಬಿ. ಶ್ರೀನಿವಾಸ್ ಅವರ ಧ್ವನಿಯನ್ನು ರಾಜಕುಮಾರ್ ಅವರ ಮುಖದಿಂದ ಕೇಳಿ ಕೇಳಿ ಎರಡನ್ನೂ ಒಂದೇ ಎಂದುಕೊಂಡ ಒಂದು ತಲೆಮಾರು, 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆಯ ಮೇಲೆ ಕೂತ ರಾಜಕುಮಾರ್ ತಮ್ಮದೇ ಧ್ವನಿಯಲ್ಲಿ ಹಾಡಿದಾಗ ಬೆರಗಾಯಿತು. ಪರರ ಧ್ವನಿಗೆ ತುಟಿ ಆಡಿಸುವುದು ನಮಗೆ ಸುಳ್ಳಾಗಿ ಕಾಣುವುದೇ ಇಲ್ಲ. ಅದು ನಾವೂ ಸಿನಿಮಾದವರೂ ಕೂಡಿ ಮಾಡಿಕೊಂಡ ಒಪ್ಪಂದ. ಆದರೆ ಆ ಒಪ್ಪಂದ ನಿಂತಿರುವುದು ಕತೆಯ ಬಲದಿಂದ. ಎರಡೂವರೆ ಗಂಟೆಯ ಕತೆಯಲ್ಲಿ ನಾಯಕನ ಮನಸ್ಸು ನಮಗೆ ಗೊತ್ತಿರುವುದರಿಂದಲೇ ಆ ಧ್ವನಿಯನ್ನು ಅವನದೆಂದು ಒಪ್ಪುತ್ತೇವೆ. ನಾಲ್ಕು ನಿಮಿಷದ ವಿಡಿಯೋಗೆ ಅಷ್ಟು ನಂಬಿಕೆಯ ಸಾಲ ಹುಟ್ಟುವುದಿಲ್ಲ.

ಮ್ಯೂಸಿಕ್ ವಿಡಿಯೋ ಹುಟ್ಟಿದ್ದೇ ಸಿನಿಮಾ ಹಾಡಿಗೆ ತದ್ವಿರುದ್ಧವಾದ ಅಗತ್ಯದಿಂದ. ಮರೆಯಲ್ಲಿರುವ ಗಾಯಕನನ್ನು ಮುಂದೆ ತಂದು ನಿಲ್ಲಿಸಿ, ‘ಈ ಧ್ವನಿ ಈ ಮುಖದ್ದು’ ಎಂದು ನೋಡುವವರ ಮನಸ್ಸಿನಲ್ಲಿ ಊರಿ, ಅಂಗಡಿಯಲ್ಲಿ ಆ ಮುಖವಿರುವ ರೆಕಾರ್ಡನ್ನು ಗುರುತು ಹಿಡಿಯುವಂತೆ ಮಾಡುವುದು ಅದರ ಕೆಲಸ. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಸಂಗೀತ ವಾಹಿನಿ ಎಂಟಿವಿ ಆರಂಭವಾದ ಮೇಲೆ ಪರದೆಯ ಕೆಳಗಿನ ಎಡಮೂಲೆಯಲ್ಲಿ ಹಾಡಿನ ಹೆಸರು, ಹಾಡಿದವರ ಹೆಸರು, ಆಲ್ಬಮ್ಮಿನ ಹೆಸರು, ಕಂಪನಿಯ ಹೆಸರು ಮೂಡುತ್ತಿದ್ದುದನ್ನು ನೆನಪಿಸಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಅದು ಸರಕಿನ ಮೇಲೆ ಅಂಟಿಸಿದ ಚೀಟಿ. ಮುಖವನ್ನು ಹತ್ತಿರದಿಂದ ತೋರಿಸಬೇಕೆಂಬ ಕಟ್ಟುಪಾಡು ಸೌಂದರ್ಯದ ವಿಚಾರಕ್ಕಿಂತ ಹೆಚ್ಚಾಗಿ ವ್ಯಾಪಾರದ ವಿಚಾರವಾಗಿತ್ತು. ಆಮೇಲೆ ಅದು ಸೌಂದರ್ಯವೂ ಆಯಿತೆಂಬುದು ಬೇರೆ ಮಾತು.

ಈ ಬದಲಾವಣೆ ನಡೆದದ್ದನ್ನು ಮುಂಬೈಯಲ್ಲಿ ಕಣ್ಣಾರೆ ಕಂಡ ಪೀಳಿಗೆ ನಮ್ಮದು. 1994ರಲ್ಲಿ ಚಾನೆಲ್ ವಿ, 1996ರಲ್ಲಿ ಮತ್ತೆ ಎಂಟಿವಿ ಇಲ್ಲಿ ಬಂದವು. ಸಿನಿಮಾಗೆ ಸೇರದ ಹಾಡಿಗೂ ಒಂದು ಮುಖ ಬೇಕಾಯಿತು. 1995ರ ‘ಮೇಡ್ ಇನ್ ಇಂಡಿಯಾ’ದ ಅಲೀಶಾ ಚಿನಾಯ್ ಅದಕ್ಕೂ ಎಷ್ಟೋ ವರ್ಷ ಮೊದಲೇ ಸಿನಿಮಾಗಳಲ್ಲಿ ಹಾಡಿದ್ದವರು, ಧ್ವನಿ ಎಲ್ಲರಿಗೂ ಗೊತ್ತು, ಮುಖ ಮಾತ್ರ ಬೀದಿಯ ಮಾತಾಗಿರಲಿಲ್ಲ. ಕೆನ್ ಘೋಷ್ ನಿರ್ದೇಶಿಸಿದ ಆ ವಿಡಿಯೋ ಅವರನ್ನು ರಾಣಿಯಾಗಿ ಸಿಂಹಾಸನದ ಮೇಲೆ ಕೂರಿಸಿ, ಗಂಡುಗಳು ಬಂದು ಅವರ ಮುಂದೆ ತಮ್ಮನ್ನು ತೋರಿಸಿಕೊಳ್ಳುವಂತೆ ಮಾಡಿತು. ಅಲ್ಲಿ ಒಂದು ಜಾಣತನವಿದೆ: ರೂಪದರ್ಶಿ ಮಿಲಿಂದ್ ಸೋಮನ್ ಎಷ್ಟೇ ಚೆಲುವನಾಗಿ ಪೆಟ್ಟಿಗೆಯಿಂದ ಎದ್ದು ಬಂದರೂ ಅವನು ಹಾಡುವುದಿಲ್ಲ. ಬಾಯಿ ಆಕೆಯದೊಂದೇ. ಯಾರು ಯಾರನ್ನು ನೋಡುತ್ತಿದ್ದಾರೆ, ಯಾರು ಯಾರನ್ನು ಆರಿಸುತ್ತಿದ್ದಾರೆ ಎಂಬುದರಲ್ಲಿ ಗೊಂದಲವೇ ಇಲ್ಲ. 1998ರಲ್ಲಿ ಪಂಜಾಬಿ ಗಾಯಕ ದಲೇರ್ ಮೆಹಂದಿ, ತಮ್ಮ ವಿಡಿಯೋಗಳು ಓಡುವುದು ಅದರಲ್ಲಿ ಕುಣಿಯುವ ಹುಡುಗಿಯರಿಂದ ಎಂಬ ಟೀಕೆಗೆ ಉತ್ತರವಾಗಿ, ‘ತುನಕ್ ತುನಕ್ ತುನ್’ನಲ್ಲಿ ತಮ್ಮನ್ನು ಬಿಟ್ಟು ಬೇರೆ ಯಾರನ್ನೂ ಹತ್ತಿರ ಬಿಡದೆ, ನಾಲ್ಕು ಬಣ್ಣದ ಉಡುಪಿನ ನಾಲ್ವರು ದಲೇರರಾಗಿ ನಿಂತರು. ನಗು ಬರಿಸುವ ವಿಡಿಯೋ ಎಂದು ಅದನ್ನು ತಳ್ಳಿಹಾಕುವವರಿದ್ದಾರೆ. ನನ್ನ ಮಟ್ಟಿಗೆ ಅದು ಕಟ್ಟುಪಾಡನ್ನು ಅದರ ತುದಿಯವರೆಗೆ ಎಳೆದುಕೊಂಡು ಹೋದ ಕೆಲಸ: ಹಾಡಿದವನ ಮುಖ ಬೇಕು ತಾನೇ, ತೆಗೆದುಕೊಳ್ಳಿ, ನಾಲ್ಕು.

ಮುಖವೊಂದೇ ಸಾಕಾಗುವ ಸಂದರ್ಭಗಳೂ ಇವೆ. 1990ರಲ್ಲಿ ಶಿನೇಡ್ ಓ’ಕಾನರ್ ಹಾಡಿದ ‘ನಥಿಂಗ್ ಕಂಪೇರ್ಸ್ ಟು ಯು’ ವಿಡಿಯೋದಲ್ಲಿ ಹೆಚ್ಚಿನ ಹೊತ್ತು ಕಾಣುವುದು ಕಪ್ಪು ಹಿನ್ನೆಲೆಯ ಮುಂದಿನ ಅವರ ಮುಖ ಮಾತ್ರ. ಕೊನೆಯ ಭಾಗದಲ್ಲಿ ಕೆನ್ನೆಯ ಮೇಲೆ ನೀರು ಇಳಿಯುತ್ತದೆ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, 1965ರಲ್ಲಿ ಲಂಡನ್ನಿನ ಸವಾಯ್ ಹೋಟೆಲಿನ ಪಕ್ಕದ ಓಣಿಯಲ್ಲಿ ಸಾಕ್ಷ್ಯಚಿತ್ರಕಾರ ಡಿ.ಎ. ಪೆನ್ನೆಬೇಕರ್ ಚಿತ್ರಿಸಿಕೊಂಡ ಬಾಬ್ ಡಿಲನ್ ಅವರ ಹಾಡಿನಲ್ಲಿ ಡಿಲನ್ ಬಾಯಿ ಬಿಡುವುದೇ ಇಲ್ಲ. ಸಾಲಿನ ಒಂದೆರಡು ಪದಗಳನ್ನು ಬರೆದ ರಟ್ಟುಗಳನ್ನು ಒಂದೊಂದಾಗಿ ತೋರಿಸಿ ಕೆಳಗೆ ಬಿಸಾಡುತ್ತಾರೆ. ಹಾಡಿದವನು ಕಣ್ಣೆದುರೇ ಇದ್ದೂ ಹಾಡದಿರುವುದು ಒಂದು ಬಗೆಯ ಉದ್ಧಟತನ. ಆ ಹಾಡಿಗೆ ಬೇಕಾಗಿದ್ದದ್ದೂ ಅದೇ. ಈಗ ಸಿನಿಮಾ ಬಿಡುಗಡೆಗೆ ಮೊದಲು ಬರುವ ಲಿರಿಕಲ್ ವಿಡಿಯೋಗಳನ್ನು ನೋಡುವಾಗಲೆಲ್ಲ ನನಗೆ ಆ ರಟ್ಟುಗಳು ನೆನಪಾಗುತ್ತವೆ. ಅಲ್ಲಿ ಅಕ್ಷರಕ್ಕೊಂದು ಕೆಲಸವಿತ್ತು. ಇಲ್ಲಿ ಕನ್ನಡ ಹಾಡಿನ ಸಾಲುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು, ಹೊಳೆಯುವ ಧೂಳಿನ ನಡುವೆ ತೇಲಿಬಿಡುತ್ತಾರೆ. ಮುಂಬೈಯಲ್ಲಿ ಕನ್ನಡ ಓದಲು ಬಾರದ ನಮ್ಮ ಮಕ್ಕಳಿಗೆ ಅದರಿಂದ ಅನುಕೂಲವೆಂದು ಅಕ್ಕನ ಮಗ ವಾದಿಸುತ್ತಾನೆ. ಆ ವಾದದಲ್ಲಿ ಹುರುಳಿದೆಯೆಂದೇ ನನಗೆ ಸಿಟ್ಟು.

ಹುಡುಗನ ತಲೆಯಲ್ಲಿ ತನ್ನ ವಿಡಿಯೋಗೆ ಇದ್ದ ಮಾದರಿ ಬೇರೆ. ಕುರ್ಲಾದ ರ‍್ಯಾಪರ್ ನೇಜಿ 2014ರಲ್ಲಿ ‘ಆಫತ್’ ಹಾಡನ್ನು ಐಪ್ಯಾಡ್ ಒಂದರಲ್ಲೇ ಧ್ವನಿಮುದ್ರಿಸಿ, ಅದರಲ್ಲೇ ಚಿತ್ರೀಕರಿಸಿ ಜಗತ್ತಿಗೆ ಬಿಟ್ಟ ಕತೆ ಮುಂಬೈಯ ಹುಡುಗರಿಗೆಲ್ಲ ಬಾಯಿಪಾಠ. ಮರುವರ್ಷ ಅಂಧೇರಿಯ ಡಿವೈನ್ ಜೊತೆ ಸೇರಿ ಅವರು ಮಾಡಿದ ‘ಮೇರೆ ಗಲ್ಲಿ ಮೇಂ’ ನಂತರ, ಗಲ್ಲಿಯಲ್ಲಿ ನಿಂತು, ಗೆಳೆಯರನ್ನು ಬೆನ್ನಿಗಿಟ್ಟುಕೊಂಡು, ಕ್ಯಾಮೆರಾದ ಕಣ್ಣಿಗೇ ಬೆರಳು ಚಾಚಿ ಹಾಡುವುದು ಇಲ್ಲಿನ ರೂಢಿಯೇ ಆಗಿಹೋಯಿತು. ರ‍್ಯಾಪಿನಲ್ಲಿ ಬಾಯಿ ಯಾರದೆಂಬ ಪ್ರಶ್ನೆಯೇ ಏಳುವುದಿಲ್ಲ. ಮಾತು ಅವನದು, ಗಲ್ಲಿ ಅವನದು, ನೋಡುವವನನ್ನು ನೇರವಾಗಿ ‘ನೀನು’ ಎಂದು ಕರೆಯುವ ಹಕ್ಕೂ ಅವನದು. ಹುಡುಗ ಅದೇ ರೀತಿ ಮಾಟುಂಗದ ಹೂವಿನ ಬೀದಿಯಲ್ಲಿ ನಿಂತು ಕ್ಯಾಮೆರಾ ನೋಡುತ್ತ ಹಾಡಲು ಹೊರಟಿದ್ದ. ಆದರೆ ಅವನ ಹಾಡಿನ ‘ನಾನು’ ಅವನಲ್ಲ, ಅವನ ಅಜ್ಜ. ತನ್ನದಲ್ಲದ ದುಃಖವನ್ನು ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ಹೇಳಿದರೆ ಅದು ಹೆಗ್ಗಳಿಕೆಯಂತೆ ಕೇಳಿಸುತ್ತದೆ.

ಇಲ್ಲಿ ಒಂದು ಎಡವಟ್ಟಿನ ಕತೆಯನ್ನೂ ಹೇಳಿಬಿಡಬೇಕು. ಮಳೆಯಲ್ಲಿ ನೆನೆಯುತ್ತ, ದೇಹ ನಿಧಾನವಾಗಿ ಚಲಿಸುತ್ತಿದ್ದರೂ ತುಟಿ ಮಾತ್ರ ಹಾಡಿಗೆ ಸರಿಹೊಂದುವ ದೃಶ್ಯವೊಂದು ಅವನಿಗೆ ಬೇಕಿತ್ತು. ಇದು ಹಳೆಯ ಉಪಾಯ. ಹಾಡನ್ನು ಎರಡುಪಟ್ಟು ವೇಗದಲ್ಲಿ ಕೇಳಿಸಿ, ಗಾಯಕ ಆ ವೇಗಕ್ಕೇ ಹಾಡುತ್ತಿರುವಾಗ ಸೆಕೆಂಡಿಗೆ 50 ಫ್ರೇಮಿನಂತೆ (ಒಂದು ಫ್ರೇಮೆಂದರೆ ಒಂದು ಸ್ಥಿರಚಿತ್ರ) ಚಿತ್ರಿಸಿಕೊಂಡು, ಅದನ್ನು 25 ಫ್ರೇಮಿನಂತೆ ಓಡಿಸಿದರೆ ತುಟಿ ಸರಿಯಾಗಿ ಕೂರುತ್ತದೆ; ಮಳೆಹನಿ, ಕೂದಲು, ಕಣ್ಣೆವೆ ಮಾತ್ರ ಅರ್ಧ ವೇಗದಲ್ಲಿ ತೇಲುತ್ತವೆ. ಕೋಲ್ಡ್‌ಪ್ಲೇ ತಂಡದ ‘ಯೆಲ್ಲೋ’ ಹಾಡನ್ನು 2000ದಲ್ಲಿ ಇಂಗ್ಲೆಂಡಿನ ಕಡಲತೀರವೊಂದರಲ್ಲಿ ಹೀಗೆಯೇ ಚಿತ್ರಿಸಿದ್ದರು. ನಾವು ನಮ್ಮ ಕಟ್ಟಡದ ಟೆರೇಸಿನ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ಜೋರು ಮಳೆಯಲ್ಲಿ ಅದನ್ನು ಮಾಡಿದೆವು. ಹುಡುಗ ಗಿಳಿಯಂತೆ ಪಟಪಟನೆ ಹಾಡುವುದನ್ನು ನೋಡಲು ಪಕ್ಕದ ಕಟ್ಟಡದ ಹೆಂಗಸರು ಕಿಟಕಿಗೆ ಬಂದು ನಿಂತರು. ಒಂಬತ್ತು ಟೇಕು ತೆಗೆದೆವು. ಮನೆಗೆ ಬಂದು ನೋಡಿದರೆ ಯಾವುದರಲ್ಲೂ ಧ್ವನಿ ಇಲ್ಲ. ನಾವು ತಂದಿದ್ದ ಬಾಡಿಗೆ ಕ್ಯಾಮೆರಾ ಆ ವೇಗದಲ್ಲಿ ಧ್ವನಿಯನ್ನು ಹಿಡಿಯುವುದಿಲ್ಲ. ಧ್ವನಿಯ ಅಲೆಗಳನ್ನು ಜೋಡಿಸಿ ಕ್ಷಣದಲ್ಲಿ ಮುಗಿಸಬೇಕಾಗಿದ್ದ ಕೆಲಸಕ್ಕೆ, ‘ಪ’ಕಾರ ‘ಮ’ಕಾರಗಳಲ್ಲಿ ತುಟಿ ಮುಚ್ಚುವ ಕ್ಷಣವನ್ನು ಕಣ್ಣಿನಿಂದಲೇ ಹುಡುಕಿ ಹುಡುಕಿ ಕೂರಿಸುತ್ತ ಎರಡು ರಾತ್ರಿ ಕಳೆದೆ. 22 ವರ್ಷದ ಅನುಭವಿ ಮಾಡುವ ತಪ್ಪಲ್ಲ ಅದು. ಮುಂದಿನ ಭಾನುವಾರ ಪ್ರತಿ ಟೇಕಿನ ಮೊದಲಿಗೆ, ಹಾಡು ಎಷ್ಟನೆಯ ಸೆಕೆಂಡಿನಲ್ಲಿದೆ ಎಂದು ತೋರಿಸುವ ಫೋನಿನ ಪರದೆಯನ್ನೇ ಕ್ಯಾಮೆರಾಗೆ ಹಿಡಿದೆವು.

ಆ ಎರಡು ರಾತ್ರಿಗಳಲ್ಲಿ ಒಂದೇ ಬಾಯನ್ನು ಫ್ರೇಮು ಫ್ರೇಮಾಗಿ ದಿಟ್ಟಿಸಿದ್ದರಿಂದಲೋ ಏನೋ, ಬಾಯಿಯ ಪ್ರಶ್ನೆಗೆ ಉತ್ತರ ಚಿಕ್ಕಂದಿನ ನೆನಪೊಂದರಿಂದ ಬಂತು. ಅಪ್ಪಯ್ಯ ನಮ್ಮನ್ನು ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೆ ಯಕ್ಷಗಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಹೋಟೆಲು ಮುಚ್ಚಿದ ಮೇಲೆ, ಸೋಂಪಿನ ವಾಸನೆಯ ಅಂಗಿಯಲ್ಲೇ ಬಂದು ಕೊನೆಯ ಸಾಲಿನಲ್ಲಿ ಕೂರುತ್ತಿದ್ದರು. ಯಕ್ಷಗಾನದಲ್ಲಿ ಹಾಡುವವರು ಭಾಗವತರು. ಅವರು ಮರೆಯಲ್ಲಿಲ್ಲ, ಮದ್ದಳೆ ಚೆಂಡೆಗಳೊಂದಿಗೆ ಹಿಮ್ಮೇಳದಲ್ಲಿ ಎಲ್ಲರ ಕಣ್ಣೆದುರೇ ಕೂತಿರುತ್ತಾರೆ. ಕುಣಿಯುವವರು ಮುಮ್ಮೇಳದವರು. ಕರ್ಣನ ಸಂಕಟವನ್ನು ಭಾಗವತರು ‘ನಾನು’ ಎಂದು ಹಾಡುತ್ತಿರುವಾಗ ಕರ್ಣನ ವೇಷಧಾರಿ ತುಟಿ ಆಡಿಸುವುದಿಲ್ಲ. ಕೇಳುತ್ತಾನೆ, ಹೆಜ್ಜೆ ಹಾಕುತ್ತಾನೆ, ಪದ ಮುಗಿದ ಮೇಲೆ ಮಾತಿನಲ್ಲಿ ಅರ್ಥ ಹೇಳುತ್ತಾನೆ. ಧ್ವನಿ ಒಬ್ಬರದು, ದೇಹ ಇನ್ನೊಬ್ಬರದು ಎಂಬುದನ್ನು ಮುಚ್ಚಿಡುವ ಅಗತ್ಯವೇ ಅಲ್ಲಿಲ್ಲ. ಸಿನಿಮಾ ಗಾಯಕನನ್ನು ಬಚ್ಚಿಡುತ್ತದೆ, ಮ್ಯೂಸಿಕ್ ವಿಡಿಯೋ ಗಾಯಕನನ್ನೇ ಪಾತ್ರ ಮಾಡುತ್ತದೆ, ಯಕ್ಷಗಾನ ಇಬ್ಬರನ್ನೂ ಒಂದೇ ರಂಗದಲ್ಲಿ ಬೇರೆಬೇರೆಯಾಗಿ ಇಟ್ಟು ನೋಡುವವರ ಮೇಲೆ ಭರವಸೆ ಇಡುತ್ತದೆ. ಅಜ್ಜನ ಕುರಿತು ಮೊಮ್ಮಗ ಹಾಡುವ ಹಾಡಿಗೆ ಬೇಕಾಗಿದ್ದದ್ದು ಈ ಮೂರನೆಯದು.

ಎರಡನೆಯ ಕಟ್ಟಿಗಾಗಿ ಹುಡುಗನನ್ನು ಮೂಲೆಯ ಮೇಜಿಗೆ ಕಳುಹಿಸಿದೆವು. ಗೆಳೆಯರೊಬ್ಬರ ಚಿಕ್ಕ ಹೋಟೆಲಿನಲ್ಲಿ, ಮಧ್ಯಾಹ್ನ ಮೂರರಿಂದ ಐದರವರೆಗಿನ ಬಿಡುವಿನ ಹೊತ್ತಿನಲ್ಲಿ, ಅವನು ಹಿಂದಿನ ಮೇಜಿನ ಬಳಿ ಗಿಟಾರು ಹಿಡಿದು ಕೂತು ಹಾಡುತ್ತಾನೆ. ಕ್ಯಾಮೆರಾವನ್ನು ನೋಡುವುದಿಲ್ಲ, ಗಲ್ಲಾದ ಕಡೆ ನೋಡುತ್ತಾನೆ. ಗಲ್ಲಾದಲ್ಲಿ ಕೂತವರು ನಿಜಕ್ಕೂ ನಲವತ್ತು ವರ್ಷ ಹೋಟೆಲಿನಲ್ಲಿ ದುಡಿದು ನಿವೃತ್ತರಾದ ಡೊಂಬಿವಲಿಯ ಹಿರಿಯರೊಬ್ಬರು. ಅವರು ಏನನ್ನೂ ಅಭಿನಯಿಸಲಿಲ್ಲ. ನಾಣ್ಯಗಳನ್ನು ಬೆರಳ ತುದಿಯಿಂದ ಮೇಜಿನ ಅಂಚಿಗೆ ಎಳೆದು ಅಂಗೈಗೆ ಬೀಳಿಸಿಕೊಳ್ಳುವ ರೀತಿ, ಚಿಲ್ಲರೆ ಕೊಡುವಾಗ ಗಿರಾಕಿಯ ಮುಖ ನೋಡದೆ ಕೈಯನ್ನೇ ನೋಡುವ ರೀತಿ, ಇವೆಲ್ಲ ಅವರೊಂದಿಗೇ ಬಂದವು. ಅಕ್ಕ ಚಿತ್ರೀಕರಣದ ದಿನ ಪಕ್ಕದಲ್ಲೇ ನಿಂತಿದ್ದಳು. ಅವರು ಸೋಂಪಿನ ಬಟ್ಟಲನ್ನು ಅರ್ಧ ತಿರುಗಿಸಿ ಚಮಚದ ಹಿಡಿಕೆ ಗಿರಾಕಿಯ ಕಡೆ ಬರುವಂತೆ ಇಟ್ಟಾಗ ಅವಳು ಒಳಗೆ ಅಡಿಗೆಮನೆಗೆ ಹೋಗಿಬಿಟ್ಟಳು.

ಬಾಯಿಯ ಪ್ರಶ್ನೆ ತೀರಿದ ಮೇಲೆ ಉಳಿದದ್ದು ಪದಕ್ಕೂ ಚಿತ್ರಕ್ಕೂ ಇರುವ ಸಂಬಂಧದ ಪ್ರಶ್ನೆ. ನಾನು ಮೊದಲು ಹೇಳಿದ ಗುಡ್ವಿನ್ ಇದನ್ನು ಮೂರಾಗಿ ವಿಂಗಡಿಸುತ್ತಾರೆ: ಚಿತ್ರ ಪದಗಳನ್ನು ಹಾಗೆಯೇ ತೋರಿಸಬಹುದು, ಪದಗಳ ಅರ್ಥವನ್ನು ಹಿಗ್ಗಿಸಬಹುದು, ಇಲ್ಲವೇ ಪದಗಳಿಗೆ ಸಂಬಂಧವಿಲ್ಲದಂತೆ, ಅವುಗಳಿಗೆ ಎದುರಾಗಿ ನಿಲ್ಲಬಹುದು. ನಮ್ಮಲ್ಲಿ ಭರತನಾಟ್ಯ ಕಲಿತ ಹುಡುಗಿಯರಿಗೆ ಇದು ಹೊಸ ವಿಷಯವೇನಲ್ಲ. ಪದಕ್ಕೊಂದು ಮುದ್ರೆ ಹಿಡಿಯುವುದು ಪದಾರ್ಥಾಭಿನಯ. ಕಮಲ ಎಂದರೆ ಕಮಲ, ಕಣ್ಣು ಎಂದರೆ ಕಣ್ಣು. ಸಾಲಿನ ಒಟ್ಟು ಭಾವವನ್ನು ಹಿಡಿಯುವುದು ವಾಕ್ಯಾರ್ಥಾಭಿನಯ. ಅದೇ ಸಾಲು ಐದನೆಯ ಸಲ ಮರಳಿದಾಗ ಸಾಲಿನಲ್ಲಿ ಇಲ್ಲದ ಹೊಸ ಪ್ರಸಂಗವೊಂದನ್ನೇ ಕಟ್ಟಿ ತೋರಿಸುವುದು ಸಂಚಾರಿ. ಪಲ್ಲವಿ ಮರಳಿ ಮರಳಿ ಬರುವ ಹಾಡಿಗೆ ವಿಡಿಯೋ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿದೆ? ಆದರೂ ನಮ್ಮ ಭಾವಗೀತೆಗಳ ವಿಡಿಯೋಗಳು ದೂರದರ್ಶನದ ಕಾಲದಿಂದ ಇಂದಿನವರೆಗೆ ಪದಾರ್ಥದ ಮೊದಲ ಮೆಟ್ಟಿಲಿನಲ್ಲೇ ಕೂತಿವೆ. ಹಕ್ಕಿ ಎಂದೊಡನೆ ಹಕ್ಕಿ, ಮುಗಿಲು ಎಂದೊಡನೆ ಮುಗಿಲು, ದೀಪ ಎಂದೊಡನೆ ದೀಪ ಬರುತ್ತವೆ. ಕಿವಿಗೆ ಗೊತ್ತಾದದ್ದನ್ನೇ ಕಣ್ಣಿಗೆ ಮತ್ತೆ ಹೇಳಿದರೆ ಕಿವಿ ತನ್ನ ಕೆಲಸ ಮುಗಿಯಿತೆಂದು ಸುಮ್ಮನಾಗುತ್ತದೆ. ಅಕ್ಕನಿಗೆ ಹಾಡು ಗೊತ್ತಾಗದೆ ಹೋದದ್ದು ಹೀಗೆಯೇ.

ನನ್ನ ಮೊದಲ ಕಟ್ಟಿನಲ್ಲಿ ‘ರೈಲು’ ಎಂಬ ಪದ ಬಂದಾಗಲೆಲ್ಲ, ಆರು ಸಲವೂ, ರೈಲು ಇತ್ತು. ‘ಹಾಡಲ್ಲೇ ರೈಲು ಅಂತ ಇದೆಯಲ್ಲ ಮಾವ, ತೋರಿಸದೇ ಇದ್ರೆ ಹೇಗೆ?’ ಎಂದು ಹುಡುಗ ಎರಡನೆಯ ಕಟ್ಟಿನ ಹೊತ್ತಿಗೂ ಕೇಳಿದ. ತೋರಿಸೋಣ, ಆದರೆ ಪಲ್ಲವಿ ಹೇಳುವುದು ರೈಲು ಬರಲಿಲ್ಲವೆಂದು ಎಂದೆ. ಡೊಂಬಿವಲಿಯಲ್ಲಿ ಕೂತು ಹಾಗೆ ಹೇಳಿದರೆ ಯಾರಾದರೂ ನಕ್ಕಾರು. ಇಲ್ಲಿ ಬೆಳಗಿನ ಹೊತ್ತು ಒಂದು ಲೋಕಲ್ ಹೋಗುತ್ತಿದ್ದಂತೆ ಹಿಂದೆಯೇ ಇನ್ನೊಂದು ಬರುತ್ತದೆ. ನಮ್ಮ ಅಡಿಗೆಮನೆಯ ಕಿಟಕಿಯಿಂದ ಹಳಿಗಳು ಕಾಣುತ್ತವೆ. ಅನುಮತಿ, ಶುಲ್ಕ ಎಂದು ರೈಲ್ವೆಯ ಜಾಗಕ್ಕೆ ಕಾಲಿಡುವ ರಗಳೆಯೇ ಬೇಡವೆಂದು ಆ ಕಿಟಕಿಯಿಂದಲೇ ಚಿತ್ರಿಸಿದೆವು: ಮುಂದೆ ಕಿಟಕಿಯ ಸರಳುಗಳು, ತೊಳೆದು ಕವುಚಿಟ್ಟ ಲೋಟಗಳು, ಹಿಂದೆ ಒಂದಾದ ಮೇಲೊಂದು ರೈಲು, ನಿಲ್ಲದೆ. ಅದರ ಮೇಲೆ ‘ರೈಲು ಬರಲೇ ಇಲ್ಲ’ ಎಂಬ ಸಾಲು. ಕಣ್ಣು ಹೇಳುವುದು ಒಂದು, ಕಿವಿ ಹೇಳುವುದು ಇನ್ನೊಂದು. ಇಷ್ಟೊಂದು ರೈಲುಗಳಲ್ಲಿ ಯಾವ ರೈಲು ಬರಲಿಲ್ಲ ಎಂಬ ಪ್ರಶ್ನೆ ನೋಡುವವನೊಳಗೇ ಏಳಬೇಕು. ಅಪ್ಪಯ್ಯನ ಕಾಲದಲ್ಲಿ ಕರಾವಳಿಗೆ ನೇರ ರೈಲು ಇರಲಿಲ್ಲ. ಊರಿಗೆ ಹೋಗುವುದೆಂದರೆ ಘಟ್ಟದ ತಿರುವುಗಳಲ್ಲಿ ಹಗಲು ರಾತ್ರಿ ಬಸ್ಸು. ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು 1998ರ ಜನವರಿ 26ರಂದು. ಅಪ್ಪಯ್ಯ ತೀರಿಕೊಂಡದ್ದು 1996ರಲ್ಲಿ. ಇದನ್ನು ವಿಡಿಯೋದಲ್ಲಿ ಅಕ್ಷರದಲ್ಲಿ ಬರೆದು ತೋರಿಸೋಣವೆಂದು ಹುಡುಗ ಹಟ ಹಿಡಿದ. ನಾನು ಒಪ್ಪಲಿಲ್ಲ. ಆ ವಿಷಯದಲ್ಲಿ ಅವನಿಗೆ ಇನ್ನೂ ಅಸಮಾಧಾನವಿದೆ.

ಇನ್ನು ತಾಳಕ್ಕೆ ಕತ್ತರಿಸುವ ವಿಚಾರ. ಅವನ ಹಾಡು ನಿಮಿಷಕ್ಕೆ 100 ಬಡಿತದ್ದು. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಬಡಿತಕ್ಕೆ ಸರಿಯಾಗಿ 15 ಫ್ರೇಮು. ಸಂಕಲನಕಾರರಿಗೆ ಇಷ್ಟು ಅಚ್ಚುಕಟ್ಟಾದ ಲೆಕ್ಕ ಸಿಗುವುದು ಅಪರೂಪ. ಬಡಿತ 96 ಆಗಿದ್ದರೆ 15 ಮತ್ತು ಚಿಲ್ಲರೆ ಫ್ರೇಮಾಗಿ, ಆ ಚಿಲ್ಲರೆಯನ್ನು ಅಲ್ಲಲ್ಲಿ ನುಂಗಿಕೊಳ್ಳುತ್ತ ಹೋಗಬೇಕಾಗುತ್ತಿತ್ತು. ಈ ಅಚ್ಚುಕಟ್ಟೇ ನನ್ನನ್ನು ಕೆಡಿಸಿತೆಂದು ಕಾಣುತ್ತದೆ. ನಾಲ್ಕು ನಿಮಿಷಕ್ಕೆ 400 ಬಡಿತ. ಮೊದಲ ಕಟ್ಟಿನಲ್ಲಿ 163 ಶಾಟುಗಳಿದ್ದವು. ಕಟ್ಟನ್ನು ಬಡಿತಕ್ಕಿಂತ ಒಂದೆರಡು ಫ್ರೇಮು ಮುಂಚೆ ಇಟ್ಟರೆ, ಕಣ್ಣು ಹೊಸ ಚಿತ್ರಕ್ಕೆ ಹೊಂದಿಕೊಳ್ಳುವ ಹೊತ್ತಿಗೆ ಸರಿಯಾಗಿ ಬಡಿತ ಬಿದ್ದಂತೆ ಅನ್ನಿಸುತ್ತದೆ. ಈ ಕಸುಬಿನ ಗುಟ್ಟನ್ನೂ ಎಲ್ಲ ಕಡೆ ಪಾಲಿಸಿದ್ದೆ. ಹಾಗೆ ಕತ್ತರಿಸಿದಾಗ ಎಲ್ಲ ಬಡಿತಗಳೂ ಸಮಾನವಾಗಿಬಿಡುತ್ತವೆ. ತಾಳದಲ್ಲಿ ಎಲ್ಲ ಮಾತ್ರೆಗಳೂ ಸಮಾನವಲ್ಲ. ಹಿಂದುಸ್ತಾನಿಯವರು ಸಮ್ ಎಂದು ಕರೆಯುವ ಮೊದಲ ಮಾತ್ರೆಗೆ ಮರಳುವ ಸುಖಕ್ಕಾಗಿಯೇ ಉಳಿದವು ಇರುವುದು.

ಹಳೆಯ ಹೋಟೆಲುಗಳ ಗಲ್ಲಾದ ಮೇಲೆ ಮರದ ಅಡಿಯಿಂದ ಮೇಲಕ್ಕೆ ಎದ್ದು ನಿಂತ ಚೂಪಾದ ಕಬ್ಬಿಣದ ಕಡ್ಡಿಯೊಂದು ಇರುತ್ತಿತ್ತು. ಹಣ ಪಾವತಿಯಾದ ಬಿಲ್ಲುಗಳನ್ನು ಅದಕ್ಕೆ ಚುಚ್ಚಿಡುತ್ತಿದ್ದರು. ನಮ್ಮ ಹಿರಿಯರು ಬಿಲ್ಲನ್ನು ಓದಿ, ಹಣ ಎಣಿಸಿ, ಡ್ರಾಯರು ತಳ್ಳಿ, ಬಿಲ್ಲನ್ನು ಆ ಕಡ್ಡಿಗೆ ಚುಚ್ಚುತ್ತಿದ್ದ ಕ್ರಮಕ್ಕೆ ಒಂದು ಲಯವಿತ್ತು. ಎರಡನೆಯ ಚರಣದಲ್ಲಿ ನಾನು ಒಂದು ಶಾಟನ್ನು ಕತ್ತರಿಸದೆ 19 ಸೆಕೆಂಡು ಬಿಟ್ಟು, ಬಿಲ್ಲು ಕಡ್ಡಿಗೆ ಇಳಿಯುವ ಕ್ಷಣ ಮಾತ್ರ ತಾಳದ ಸುತ್ತಿನ ಮೊದಲ ಬಡಿತಕ್ಕೆ ಬೀಳುವಂತೆ ಆ ಶಾಟನ್ನು ಹಿಂದೆ ಮುಂದೆ ಸರಿಸಿ ಕೂರಿಸಿದೆ. ಒಮ್ಮೆ ಹೀಗೆ ಬಿದ್ದ ಮೇಲೆ ಕಣ್ಣು ಮುಂದಿನ ಬಿಲ್ಲಿಗಾಗಿ ಕಾಯತೊಡಗುತ್ತದೆ; ಮುಂದಿನದು ತಾಳಕ್ಕೆ ಬೀಳುವುದಿಲ್ಲ, ಅದರಾಚೆಯದು ಬೀಳುತ್ತದೆ. ಕತ್ತರಿ ಮಾಡಬೇಕಾಗಿದ್ದ ಕೆಲಸವನ್ನು ಆ ಕೈ ಮಾಡಿಕೊಟ್ಟಿತು. ಕೊನೆಯ ಕಟ್ಟಿನಲ್ಲಿ ಉಳಿದದ್ದು 58 ಶಾಟುಗಳು.

ಹಾಡಿನ ರಚನೆಯನ್ನೇ ಚಿತ್ರಕ್ಕಾಗಿ ಬದಲಿಸಿಕೊಂಡ ಉದಾಹರಣೆಗಳೂ ಇವೆ. ಮೈಕೆಲ್ ಜಾಕ್ಸನ್ ಅವರ 1983ರ ‘ಥ್ರಿಲ್ಲರ್’ನಲ್ಲಿ ನಿರ್ದೇಶಕ ಜಾನ್ ಲ್ಯಾಂಡಿಸ್ ಚರಣಗಳನ್ನು ಒಂದರ ಹಿಂದೊಂದು ಮೊದಲೇ ಇರಿಸಿ, ಪಲ್ಲವಿಯನ್ನು ಕುಣಿತದ ನಂತರಕ್ಕೆ ತಡೆದಿಟ್ಟರು, ಸುಮಾರು 14 ನಿಮಿಷದ ಆ ವಿಡಿಯೋ ಅಷ್ಟು ಹೊತ್ತು ಹಿಡಿದಿಡುವುದಕ್ಕೆ ಈ ತಡೆಯೂ ಒಂದು ಕಾರಣ. ನಮ್ಮದಕ್ಕೆ ಅಂಥ ಸಾಹಸ ಬೇಕಾಗಿರಲಿಲ್ಲ. ಬಣ್ಣ, ಉಡುಪು, ಯೂಟ್ಯೂಬಿನಲ್ಲಿ ಕಾಣುವ ಪುಟ್ಟ ಚಿತ್ರದಲ್ಲಿ ಯಾರ ಮುಖ ಇರಬೇಕು ಎಂಬ ಚರ್ಚೆಗಳೆಲ್ಲ ನಡೆದವು; ಮುಖದ ಬದಲು ಬಿಲ್ಲು ಚುಚ್ಚಿದ ಕಡ್ಡಿಯನ್ನು ಇಟ್ಟದ್ದಕ್ಕೆ ಅವನ ಗೆಳೆಯರು ನನ್ನನ್ನು ಹಳೆಯ ಕಾಲದವರೆಂದರು. ಇರಬಹುದು.

ಕೊನೆಯ ಪಲ್ಲವಿಯದ್ದು ಆಕಸ್ಮಿಕ. ಅಡಿಗೆಮನೆಯ ಕಿಟಕಿಯ ಬಳಿ ಹುಡುಗನನ್ನೂ ನಿಲ್ಲಿಸಿ ಒಂದು ಟೇಕು ತೆಗೆಯುತ್ತಿದ್ದಾಗ ವೇಗದ ರೈಲೊಂದು ಅಬ್ಬರಿಸುತ್ತ ಹಾದುಹೋಯಿತು. ಸ್ಪೀಕರಿನ ಹಾಡು ಅವನಿಗೆ ಕೇಳಿಸದೆ, ಬಾಯಿ ಮುಚ್ಚಿ ರೈಲು ಮುಗಿಯುವವರೆಗೆ ಹೊರಗೆ ನೋಡುತ್ತ ನಿಂತ. ಕೆಟ್ಟ ಟೇಕೆಂದು ಪಕ್ಕಕ್ಕೆ ಇಟ್ಟಿದ್ದೆ. ಎರಡನೆಯ ಕಟ್ಟಿನಲ್ಲಿ ಅದನ್ನೇ ಕೊನೆಗೆ ತಂದೆ. ಹಾಡು ನಡೆಯುತ್ತಲೇ ಇರುತ್ತದೆ. ಪರದೆಯ ಮೇಲೆ ಹಾಡುವ ಬಾಯಿ ಒಂದೂ ಇಲ್ಲ. ಅಕ್ಕ ಅಲ್ಲಿಗೆ ಬಂದಾಗ ಏನೂ ಹೇಳಲಿಲ್ಲ. ಮತ್ತೊಮ್ಮೆ ಹಾಕು ಎಂದಳು. ಎರಡನೆಯ ಸಲ ನೋಡುವಾಗ, ಎರಡು ನಿಮಿಷ ದಾಟಿದ ಮೇಲೆ, ಪರದೆಯ ಹತ್ತಿರ ಬಂದು ಗಲ್ಲಾದ ಗಾಜಿನ ಮೇಲೆ ಬೆರಳಿಟ್ಟು, ‘ಅಪ್ಪಯ್ಯನ್ ಕಾಲದಲ್ ಇದ್ ಎಲ್ಲಿತ್ತಾ?’ ಎಂದಳು. ಸೋಂಪಿನ ಬಟ್ಟಲಿನ ಹಿಂದೆ, ಅರ್ಧ ಮರೆಯಾಗಿ, ಫೋನಿನಿಂದ ಹಣ ಕಳಿಸುವ ಕ್ಯೂಆರ್ ಕೋಡಿನ ಚೀಟಿ. ಆರು ವಾರ ಅದನ್ನೇ ನೋಡುತ್ತಿದ್ದರೂ ನಮ್ಮಿಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಮರುದಿನ ಕೆಲಸ ಮುಗಿದ ಮೇಲೆ ಅಂಧೇರಿಯಲ್ಲೇ ಉಳಿದು, 19 ಸೆಕೆಂಡಿನ 475 ಫ್ರೇಮುಗಳಿಂದಲೂ ಅದನ್ನು ಅಳಿಸಿ, ಕೊನೆಯ ಲೋಕಲ್ ಹಿಡಿದು ಮನೆಗೆ ಬಂದೆ.